ಮೂತ್ರಕೋಶ ಮತ್ತು ಸೆರೊಟೋನಿನ್: ಏಳು ದಶಕಗಳ ಲೆಕ್ಕ

ಸೆರೊಟೋನಿನ್ ಎಂದೊಡನೆ ಇಂದು ನೆನಪಾಗುವುದು ಮನಸ್ಸು, ಖಿನ್ನತೆ, ಮಾತ್ರೆ. ಆದರೆ ವಿಜ್ಞಾನಕ್ಕೆ ಅದು ಮೊದಲು ಪರಿಚಯವಾದದ್ದು ಸ್ನಾಯು ಹಿಂಡುವ ವಸ್ತುವಾಗಿ. 1930ರ ದಶಕದಲ್ಲಿ ಇಟಲಿಯ ವಿಟ್ಟೋರಿಯೊ ಎರ್ಸ್ಪಾಮರ್ ಕರುಳಿನ ಒಳಪದರದಿಂದ ತೆಗೆದ ಸಾರ ಇಲಿಯ ಗರ್ಭಕೋಶವನ್ನು ಸಂಕುಚಿಸಿತ್ತು. 1948ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ರಕ್ತದಿಂದ ಬೇರ್ಪಡಿಸಿದ ಸೆರೊಟೋನಿನ್ನೂ ಆ ಸಾರದಲ್ಲಿದ್ದ ವಸ್ತುವೂ ಒಂದೇ ಎಂದು 1952ರಲ್ಲಿ ಖಚಿತವಾಯಿತು.

1957ರಲ್ಲಿ ವಿಜ್ಞಾನಿಗಳಾದ ಗ್ಯಾಡಮ್ ಮತ್ತು ಪಿಕರೆಲ್ಲಿ ಗಿನಿಯಿಲಿಯ ಕರುಳಿನಲ್ಲಿ ಸೆರೊಟೋನಿನ್‌ ಬಂದು ಅಂಟುವ ಎರಡು ಬಗೆಯ ಗ್ರಾಹಕಗಳಿವೆ (ರಿಸೆಪ್ಟರ್) ಎಂದರು: ಒಂದು ಸ್ನಾಯುವಿನಲ್ಲಿ, ಇನ್ನೊಂದು ಅದಕ್ಕೆ ಆಜ್ಞೆ ತರುವ ನರದಲ್ಲಿ. ಇಂದು ಗ್ರಾಹಕಗಳ ಕುಟುಂಬಗಳೇ ಏಳು. ಆದರೂ ಮೂತ್ರಾಂಗಗಳ ಅನೈಚ್ಛಿಕ ಸ್ನಾಯುವಿನ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಅದೇ: ಸ್ನಾಯುವೋ, ನರವೋ?

ಪ್ರಯೋಗದ ವಿಧಾನವೂ ಹೆಚ್ಚು ಬದಲಾಗಿಲ್ಲ. 37 ಡಿಗ್ರಿಯ ಲವಣದ್ರಾವಣ, ಅದರೊಳಗೆ ಬುಳುಬುಳು ಆಮ್ಲಜನಕ, ದಾರ ಕಟ್ಟಿ ಇಳಿಬಿಟ್ಟ ಮೂತ್ರಕೋಶದ ಸಣ್ಣ ಪಟ್ಟಿ. ನಮ್ಮ ಫಾರ್ಮಸಿ ಕಾಲೇಜುಗಳ ಹಳೆಯ ವಿದ್ಯಾರ್ಥಿಗಳಿಗೆ ಮಸಿ ಹಿಡಿಸಿದ ಡ್ರಮ್ಮಿನ ಮೇಲೆ ಗೀರೆಳೆಯುತ್ತಿದ್ದ ಆ ಕಡ್ಡಿ ನೆನಪಿರಬೇಕು. ಮನುಷ್ಯನ ಮೂತ್ರಕೋಶದ ಪಟ್ಟಿಯಲ್ಲಿ ವಿದ್ಯುತ್ತಿನಿಂದ ನರ ಕೆಣಕಿದರೆ ಅಸಿಟೈಲ್‌ಕೋಲಿನ್ ಒಸರಿ ಸ್ನಾಯು ಬಿಗಿಯುತ್ತದೆ. ಒಂದಿಷ್ಟು ಸೆರೊಟೋನಿನ್ ಬೆರೆಸಿದರೆ ಅದೇ ಬಿಗಿತ ಇನ್ನೂ ಜೋರಾಗುತ್ತದೆ. ಇಲ್ಲಿ ಅದು ಆಜ್ಞೆ ಕೊಡುವ ಯಜಮಾನನಲ್ಲ, ಆಜ್ಞೆಯ ದನಿ ಏರಿಸುವ ಮೈಕು. ಕೆಲಸ ಮಾಡುವುದು ನರತುದಿಯ ನಾಲ್ಕನೇ ಬಗೆಯ ಗ್ರಾಹಕ ಎಂದು 1990ರ ದಶಕದಲ್ಲಿ ಗೊತ್ತಾಯಿತು.

ತೊಡಕು ಶುರುವಾದದ್ದು ಪ್ರಾಣಿಗಳಲ್ಲಿ. ಮಂಗನಲ್ಲಿ ಇದೇ ನಾಲ್ಕನೇ ಬಗೆ ಮೂತ್ರಕೋಶವನ್ನು ಸಡಿಲಿಸುತ್ತದೆ! ಮೊಲದಲ್ಲಿ ಸಂಕೋಚನಕ್ಕೆ ಮೂರನೇ ಬಗೆ, ಹಂದಿಯ ಮೂತ್ರನಾಳದಲ್ಲಿ ಎರಡನೆಯದು. ನಮಗೆ ಅಷ್ಟು ಹತ್ತಿರದ ಪ್ರಾಣಿಯೇ ತದ್ವಿರುದ್ಧ ಉತ್ತರ ಕೊಟ್ಟ ಮೇಲೂ ಪ್ರಾಣಿಯಿಂದ ಪ್ರಾಣಿಗೆ ಪ್ರಬಂಧಗಳು ಬರುತ್ತಲೇ ಹೋದವು. ಇದರಲ್ಲಿ ಶ್ರಮವಿತ್ತು, ದಿಕ್ಕಿರಲಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಔಷಧಿಯ ಲೆಕ್ಕ ಇನ್ನೂ ಬಡವಾಗಿದೆ. ನಾಲ್ಕನೇ ಗ್ರಾಹಕವನ್ನು ಪ್ರಚೋದಿಸುವ ಸಿಸಾಪ್ರೈಡನ್ನು ಜೀರ್ಣಾಂಗದ ಜೊತೆಗೆ ಮೂತ್ರಕೋಶಕ್ಕೂ ಪ್ರಯೋಗಿಸಿ ನೋಡಿದರು. ಹೃದಯದ ಲಯ ಕೆಡಿಸಿದ್ದರಿಂದ ಅದು 2000ದಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹಿಂದೆ ಸರಿಯಿತು, 2011ರಲ್ಲಿ ಭಾರತವೂ ನಿಷೇಧಿಸಿತು. ಚಿಕಿತ್ಸೆಯವರೆಗೆ ಬಂದದ್ದು ಡ್ಯುಲೊಕ್ಸೆಟಿನ್. ಕೆಮ್ಮಿದಾಗ, ಸೀನಿದಾಗ, ಕೊಡ ಎತ್ತಿದಾಗ ಮೂತ್ರ ಸೋರುವ ಹೆಂಗಸರಿಗೆಂದು 2004ರಲ್ಲಿ ಯುರೋಪು ಇದನ್ನು ಒಪ್ಪಿತು. ಅಮೆರಿಕದಲ್ಲಿ ಈ ಬಳಕೆಗೆ ಸಲ್ಲಿಸಿದ ಅರ್ಜಿಯನ್ನು ಕಂಪನಿಯೇ ಮರುವರ್ಷ ವಾಪಸು ಪಡೆಯಿತು. ವಿಚಿತ್ರವೆಂದರೆ ಡ್ಯುಲೊಕ್ಸೆಟಿನ್ ಮುಖ್ಯವಾಗಿ ಕೆಲಸ ಮಾಡುವುದು ಪಟ್ಟಿ ಕಟ್ಟಿ ಅಷ್ಟು ವರ್ಷ ಅಳೆದ ಆ ಸ್ನಾಯುವಿನ ಮೇಲಲ್ಲ. ಬೆನ್ನುಹುರಿಯ ಕೆಳತುದಿಯ ಓನುಫ್ ಕೇಂದ್ರದಲ್ಲಿ ಸೆರೊಟೋನಿನ್, ನಾರ್‌ಅಡ್ರಿನಲಿನ್ ಹೆಚ್ಚಿಸಿ, ಮೂತ್ರದ್ವಾರವನ್ನು ಬಿಗಿಹಿಡಿಯುವ ಐಚ್ಛಿಕ ಸ್ನಾಯುವಿಗೆ ಬಲ ತುಂಬುತ್ತದೆ.

ಸೋರಿಕೆ ಕಡಿಮೆಯಾದರೂ ವಾಕರಿಕೆ ತಾಳಲಾರದೆ ಅನೇಕರು ಮಾತ್ರೆ ಬಿಟ್ಟರು. ನಮ್ಮಲ್ಲಿ ಡ್ಯುಲೊಕ್ಸೆಟಿನ್ ಬರೆಯುವುದು ಹೆಚ್ಚಾಗಿ ಖಿನ್ನತೆಗೆ, ಸಕ್ಕರೆ ಕಾಯಿಲೆಯ ಕಾಲುರಿಗೆ. ಅದನ್ನು ನುಂಗುವ ಕೆಲವರಿಗೆ ಮೂತ್ರ ಸಲೀಸಾಗಿ ಇಳಿಯದಿರಬಹುದು. ಪ್ರಾಸ್ಟೇಟ್ ಊದಿಕೊಂಡ ಅಜ್ಜನಿಗೆ ಚೀಟಿ ಬರೆಯುವ ಮುಂಚೆ ವೈದ್ಯರು ಮೂತ್ರ ಸಲೀಸಾಗಿ ಇಳಿಯುತ್ತದೆಯೇ ಎಂಬ ಒಂದು ಪ್ರಶ್ನೆ ಕೇಳಲೇಬೇಕು.