ಮಲೆನಾಡಿನ ಬರವೂ ಕಾನಿನ ನೀರೂ

ಅನಾವೃಷ್ಟಿಯೆಂಬುದು ಬಯಲುಸೀಮೆಯ ದುರ್ದೈವ, ಆಗುಂಬೆ ಹುಲಿಕಲ್ಲುಗಳ ಮಳೆಯನ್ನು ಕಾಣುವ ಮಲೆನಾಡಿಗೆ ಅದರ ಭಯವಿಲ್ಲ ಎಂಬ ಮಾತು ಬಹುಕಾಲದಿಂದ ಪ್ರಚಾರದಲ್ಲಿದ್ದಿತು. 2023ನೆಯ ವರ್ಷವು ಈ ಮಾತನ್ನು ಸುಳ್ಳುಮಾಡಿತು. ಆ ವರ್ಷ ಜೂನ್ ಮೊದಲ್ಗೊಂಡು ಸೆಪ್ಟೆಂಬರ್‌ವರೆಗೆ ರಾಜ್ಯದ ಮಳೆಯು ವಾಡಿಕೆಗಿಂತ ನೂರಕ್ಕೆ 25ರಷ್ಟು ಕಡಿಮೆಯಾಯಿತು. ಮಲೆನಾಡಿನ ಕೊರತೆಯು ಅದಕ್ಕೂ ಮಿಗಿಲಾಗಿದ್ದಿತು. 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರದವರು ಬರಪೀಡಿತವೆಂದು ಸಾರಿದರು. ಪರಿಹಾರದ ಹಣಕ್ಕಾಗಿ ರಾಜ್ಯವು ಸುಪ್ರೀಂ ಕೋರ್ಟಿನವರೆಗೂ ಹೋಗಬೇಕಾಯಿತು. ಬೆಳೆನಷ್ಟ, ಮೇವು, ಕುಡಿಯುವ ನೀರು ಇವೇ ಆ ಬೇಡಿಕೆಯ ಮುಖ್ಯ ಬಾಬುಗಳು. ಅವು ನ್ಯಾಯವಾದವೇ. ಆದರೆ ಕಾಡಿನ ಮೃಗಪಕ್ಷಿಗಳಿಗೆ ಅರ್ಜಿ ಬರೆಯಲು ಬಾರದು. ಅವುಗಳ ಪರವಾಗಿ ವಾದಿಸುವವರೂ ವಿರಳ.

ಮೃಗಗಳ ದಾಹವು ಮನುಷ್ಯರಿಗೆ ಸಂಬಂಧಿಸಿದ್ದಲ್ಲವೆಂದು ತಿಳಿಯುವುದು ಅವಿವೇಕ. ತೊರೆ ಬತ್ತಿದ ಕಾಡಿನಿಂದ ಮಂಗ, ಹಂದಿ, ಕಾಟಿಗಳು ಅಡಿಕೆಯ ತೋಟಕ್ಕೂ ಮನೆಯ ಅಂಗಳಕ್ಕೂ ಇಳಿಯುತ್ತವೆ. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯನ್ನು ಹರಡುವ ಉಣುಗುಗಳ ಕಾಲವೂ ಈ ಒಣ ತಿಂಗಳುಗಳೇ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಪಟ್ಟ ಸಂಕಟವನ್ನು ಈ ಸೀಮೆಯವರು ಮರೆತಿಲ್ಲ. ಆ ರೋಗಕ್ಕೆ ಬರವೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಮಂಗಗಳು ನೀರು ಹಣ್ಣುಗಳಿಗಾಗಿ ಮನೆಯ ಬಾಗಿಲಿಗೆ ಬರುವಂತೆ ಮಾಡುವ ಯಾವ ಸ್ಥಿತಿಯೂ ಕ್ಷೇಮಕರವಲ್ಲ.

ಇಷ್ಟು ಮಳೆಯ ನಾಡಿನಲ್ಲಿ ತೊರೆಗಳು ಬತ್ತುವುದೇಕೆ? ಇಲ್ಲಿನ ಕೊರತೆಯು ನೀರು ಬೀಳುವುದರಲ್ಲಿರುವುದಕ್ಕಿಂತ ನಿಲ್ಲುವುದರಲ್ಲಿ ಹೆಚ್ಚು. ಇಳಿಜಾರಿನ ಮೇಲೆ ಸುರಿದ ನೀರು ತಡೆಯಿಲ್ಲದಿದ್ದರೆ ಕೆಲವೇ ದಿನಗಳಲ್ಲಿ ಹೊಳೆ ಸೇರಿ ಹೋಗುತ್ತದೆ. ಅದನ್ನು ಹಿಡಿದಿಟ್ಟು ಚೈತ್ರ ವೈಶಾಖಗಳವರೆಗೂ ಸ್ವಲ್ಪಸ್ವಲ್ಪವಾಗಿ ಬಿಡತಕ್ಕದ್ದು ಕಾನು. ಅದರ ತರಗೆಲೆ, ಬೇರು, ಜೌಗುಗಳೇ ಮಲೆನಾಡಿನ ನಿಜವಾದ ಜಲಾಶಯ. ಸಹಜವಾದ ಕಾಡಿದ್ದಲ್ಲಿ ಅಕೇಶಿಯಾ ನೆಡುತೋಪುಗಳನ್ನು ಬೆಳೆಸಿ, ಕೆಳಗೆ ಕೊಳವೆಬಾವಿಗಳನ್ನು ಕೊರೆಯುತ್ತ ಹೋದರೆ, ಬೇಸಿಗೆಯಲ್ಲಿ ಮೃಗಕ್ಕೂ ಇಲ್ಲ, ಮನುಷ್ಯನಿಗೂ ಇಲ್ಲ.

ಸರ್ಕಾರದ ದೃಷ್ಟಿಯಾದರೋ ಕಾನಿಗಿಂತ ಹೆಚ್ಚಾಗಿ ಕಟ್ಟೆಯ ಮೇಲಿದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಬಂದಿತು. 1819 ಅಡಿಗಳ ಅದರ ಪೂರ್ಣಮಟ್ಟವನ್ನು ನಾಡೆಲ್ಲ ಲೆಕ್ಕ ಹಾಕುತ್ತದೆ. ಹೊಸನಗರ ತಾಲ್ಲೂಕಿನಲ್ಲಿ ಮಾಣಿ, ಚಕ್ರಾ, ಸಾವೆಹಕ್ಲುಗಳಿವೆ. ಇವು ರಾಜ್ಯಕ್ಕೆ ಬೆಳಕನ್ನು ಕೊಟ್ಟಿರುವುದು ಸತ್ಯ. ಆದರೆ ಈ ಜಲಾಶಯಗಳನ್ನು ತುಂಬುವ ತೊರೆಗಳ ತಲೆಯನ್ನು ಕಾಯುವವರು ಯಾರು?

ಈ ಸೀಮೆಯ ಹಿರಿಯರಿಗೆ ನೀರನ್ನು ನಿಲ್ಲಿಸುವ ವಿದ್ಯೆ ತಿಳಿದಿದ್ದಿತು. ಕೆಳದಿಗೂ ಇಕ್ಕೇರಿಗೂ ನಡುವೆ ಸದಾಶಿವನಾಯಕನು ಕಟ್ಟಿಸಿದ ಸದಾಶಿವಸಾಗರದಿಂದಲೇ, ಎಂದರೆ ಇಂದಿನ ಗಣಪತಿ ಕೆರೆಯಿಂದಲೇ, ಸಾಗರಪಟ್ಟಣಕ್ಕೆ ಹೆಸರು ಬಂದಿತು. ತುಂಗೆಯ ಚಿಬ್ಬಲಗುಡ್ಡೆಯಲ್ಲಿ ಜನರು ಮೀನುಗಳನ್ನು ಭಕ್ತಿಯಿಂದ ಕಾಯ್ದಿದ್ದಾರೆ. ಆದರೆ ನದಿಯ ಹರಿವೇ ನಿಂತರೆ ಭಕ್ತಿಯೊಂದೇ ಮೀನನ್ನು ಉಳಿಸಲಾರದು.

ಬಂಡೀಪುರ, ನಾಗರಹೊಳೆಗಳಲ್ಲಿ ಅರಣ್ಯ ಇಲಾಖೆಯವರು ಸೌರಶಕ್ತಿಯ ಪಂಪುಗಳಿಂದ ಕೆರೆಕುಂಟೆಗಳನ್ನು ತುಂಬಿಸಿ ಎಷ್ಟೋ ಜೀವಗಳನ್ನು ಉಳಿಸಿರುವುದು ಶ್ಲಾಘ್ಯ. ಆದರೂ ಇದು ಆಪತ್ಕಾಲದ ಚಿಕಿತ್ಸೆ. ಮೃಗಗಳೆಲ್ಲ ಒಂದೇ ಕುಂಟೆಗೆ ಮುಗಿಬಿದ್ದರೆ ರೋಗ ಹರಡಬಹುದು, ಕಳ್ಳಬೇಟೆಗಾರನಿಗೆ ಕೆಲಸ ಸುಲಭವಾಗಬಹುದು. ಮೇಲಾಗಿ ಕೊಳವೆಬಾವಿಯ ನೀರು ಭೂಮಿಯ ಅದೇ ಗಂಟಿನಿಂದಲೇ ತೆಗೆದದ್ದು.

ಆದುದರಿಂದ ನಮ್ಮ ಸೂಚನೆ ಇಷ್ಟೆ. ಅರಣ್ಯ, ಕಂದಾಯ, ಜಲಸಂಪನ್ಮೂಲ ಇಲಾಖೆಗಳವರು ಕೂಡಿ ಈ ಮೂರು ತಾಲ್ಲೂಕುಗಳ ಕಾನುಗಳನ್ನೂ ತೊರೆಯ ತಲೆಗಳನ್ನೂ ಮೋಜಣಿ ಮಾಡಿಸಿ, ಅವುಗಳ ರಕ್ಷಣೆಯನ್ನು ಬರನಿವಾರಣೆಯ ಕೆಲಸವೆಂದೇ ಎಣಿಸಬೇಕು. ಹೂಳೆತ್ತುವ ಕೆಲಸವನ್ನು ಬರ ಬಂದ ಮೇಲೆ ಅಲ್ಲ, ಮಳೆಗೆ ಮುಂಚೆ ಮುಗಿಸಬೇಕು. ನದಿಯ ಹರಿವಿನಲ್ಲಿ ಒಂದು ಪಾಲನ್ನು ಪರಿಸರಕ್ಕಾಗಿ ಉಳಿಸಬೇಕೆಂದು 2012ರ ರಾಷ್ಟ್ರೀಯ ಜಲನೀತಿಯು ಹೇಳುತ್ತದೆ. ಆ ಪಾಲನ್ನು ಬರಗಾಲದಲ್ಲಿ ಮೊದಲು ಕತ್ತರಿಸದೆ ಮೊದಲು ತೆಗೆದಿಡಬೇಕು.

ಈ ಮಾತು ಹೊಸ ಯೋಜನೆಗಳಿಗೂ ಅನ್ವಯಿಸುತ್ತದೆ. ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು 2019ರಲ್ಲಿ ಎದ್ದಾಗ ಶಿವಮೊಗ್ಗ ಜಿಲ್ಲೆಯ ಜನರು ಜುಲೈ 10ರಂದು ಬಂದ್ ಆಚರಿಸಿದರು. ಅದೇ ವರ್ಷ ಸಿಂಗಳೀಕಗಳ ರಕ್ಷಣೆಗಾಗಿ ಸುಮಾರು 930 ಚದರ ಕಿಲೋಮೀಟರಿನ ಅಭಯಾರಣ್ಯವೂ ಘೋಷಿತವಾಯಿತು. ಅದೇ ಕಣಿವೆಯಲ್ಲಿ, ತಳಕಳಲೆ ಗೇರುಸೊಪ್ಪೆಗಳ ಜಲಾಶಯಗಳ ನಡುವೆ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಮುಂದಿಡಲಾಗಿದೆ. ರಾಜಧಾನಿಗೆ ನೀರು ಬೇಕು, ರಾಜ್ಯಕ್ಕೆ ವಿದ್ಯುತ್ತು ಬೇಕು ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರು ಪಟ್ಟ ಬವಣೆ ಎಲ್ಲರಿಗೂ ತಿಳಿದದ್ದೇ. ಆದರೆ ಹಸುವಿಗೆ ಹುಲ್ಲು ಹಾಕದೆ ಹಾಲಿನ ಲೆಕ್ಕವನ್ನೇ ಬರೆಯುತ್ತಿದ್ದರೆ ಕೊಟ್ಟಿಗೆ ಎಷ್ಟು ದಿನ ನಿಂತೀತು? ಕಾನು ಉಳಿದರೆ ತೊರೆ, ತೊರೆ ಉಳಿದರೆ ಶರಾವತಿ. ಮುಂದಿನ ಮಳೆಗಾಲ ಚೆನ್ನಾಗಿ ಆಯಿತೆಂದು ಈ ವಿಷಯವನ್ನು ಕಡತಕ್ಕೆ ಸೇರಿಸಿ ಬಿಡಬಾರದೆಂದು ಅಧಿಕಾರಿವರ್ಗವನ್ನೂ ಮಹಾಜನರನ್ನೂ ಕೇಳಿಕೊಳ್ಳುತ್ತೇವೆ.