ಅಕ್ಬರನ ತೋಟದಲ್ಲಿ ತೂಗದ ತೊಟ್ಟಿಲು

ಮೊಘಲ್ ಬಾದಶಹ ಅಕ್ಬರನಿಗೆ ಚೀತಾಗಳೆಂದರೆ ಪ್ರಾಣ. ಜಿಂಕೆ ಬೇಟೆಗೆ ಪಳಗಿಸಿದ ಸಾವಿರ ಚೀತಾಗಳನ್ನು ಆತ ಒಂದು ಕಾಲಕ್ಕೆ ಕೂಡಿಹಾಕಿದ್ದನೆಂದು ಮಗ ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಎಲ್ಲವೂ ಕಾಡಿನಿಂದ ಹಿಡಿದು ತಂದವು. ಅರಮನೆಯಲ್ಲೇ ಅವು ಮರಿ ಹಾಕಲಿ ಎಂಬುದು ಅಕ್ಬರನ ಬಹುದಿನದ ಆಸೆ. ಕೊರಳಪಟ್ಟಿ ಬಿಚ್ಚಿ ಗಂಡು ಹೆಣ್ಣುಗಳನ್ನು ತೋಟದಲ್ಲಿ ಒಟ್ಟಿಗೆ ಬಿಟ್ಟು ನೋಡಿದ. ಒಂದಲ್ಲ, ಅನೇಕ ಸಲ. ಸಾಮ್ರಾಜ್ಯವನ್ನೇ ಆಳಿದವನ ಮಾತನ್ನು ಚೀತಾಗಳು ಕೇಳಲಿಲ್ಲ. ತೊಟ್ಟಿಲು ತೂಗಲಿಲ್ಲ.

ತೂಗಿದ್ದು ಜಹಾಂಗೀರನ ಕಾಲದಲ್ಲಿ, ಅದೂ ಆಕಸ್ಮಿಕವಾಗಿ. ಒಂದು ಗಂಡು ಕೊರಳಪಟ್ಟಿ ಕಳಚಿಕೊಂಡು ಹೋಗಿ ತಾನಾಗಿಯೇ ಒಂದು ಹೆಣ್ಣಿನ ಜೊತೆ ಸೇರಿತು. ಮೂರು ಮರಿಗಳು ಹುಟ್ಟಿ ದೊಡ್ಡವಾದವು. ಬಾದಶಹ ಅದನ್ನು ಅಚ್ಚರಿಯೆಂದು ಬರೆದಿಟ್ಟ. ಮನುಷ್ಯರ ವಶದಲ್ಲಿದ್ದ ಚೀತಾ ಮತ್ತೆ ಮರಿ ಹಾಕಿದ ದಾಖಲೆಗಾಗಿ ಲೋಕ ಮುನ್ನೂರು ವರ್ಷಗಳಿಗೂ ಹೆಚ್ಚು ಕಾಯಬೇಕಾಯಿತು. ಅದು ಅಮೆರಿಕದ ಫಿಲಡೆಲ್ಫಿಯಾ ಮೃಗಾಲಯದಲ್ಲಿ, 1956ರಲ್ಲಿ.

(ಚಿರತೆಯೇ ಬೇರೆ, ಚೀತಾವೇ ಬೇರೆ ಎಂದು ಪ್ರತಿ ಸಲವೂ ಹೇಳಬೇಕಾಗುತ್ತದೆ. ಕನ್ನಡದಲ್ಲಿ ಚೀತಾಕ್ಕೆ ಸಿವಂಗಿ ಎಂಬ ಚೆಂದದ ಹಳೆಯ ಹೆಸರೇ ಇತ್ತು. ಪ್ರಾಣಿ ಹೋಯಿತು, ಅದರ ಬೆನ್ನಿಗೇ ಹೆಸರೂ ಹೋಯಿತು.)

ಸಿಂಹದ್ದು ಇದಕ್ಕೆ ತದ್ವಿರುದ್ಧ. ಒಂದೇ ಆವರಣದಲ್ಲಿ ಬಿಟ್ಟರೆ ಸಾಕು, ಮನೆಯ ಬೆಕ್ಕಿನಂತೆ ಮರಿ ಹಾಕುತ್ತದೆ. ಪಂಜಾಬಿನ ಛತ್‌ಬೀರ್ ಮೃಗಾಲಯದಲ್ಲಿ ಸರ್ಕಸ್‌ನಿಂದ ಬಂದ ಆಫ್ರಿಕದ ಸಿಂಹಗಳೂ ನಮ್ಮ ಏಷ್ಯಾದ ಸಿಂಹಗಳೂ ಕೂಡಿ ಬೆರಕೆ ಸಂತಾನ ಬೆಳೆದು, ಕೊನೆಗೆ 2000ದ ಹೊತ್ತಿಗೆ ಗಂಡುಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿ ಆ ವಂಶವನ್ನೇ ನಿಲ್ಲಿಸಬೇಕಾಯಿತು. ಮೃಗಾಲಯದವರಿಗೆ ಒಂದು ಕಡೆ ಬೇಡವೆಂದರೂ ನಿಲ್ಲದ ಹೆರಿಗೆ, ಇನ್ನೊಂದು ಕಡೆ ಹರಕೆ ಹೊತ್ತರೂ ಆಗದ ಹೆರಿಗೆ.

ಚೀತಾ ಯಾಕೆ ಹೀಗೆ? ಮಕ್ಕಳಾಗದ ಮನೆಯಲ್ಲಿ ಯಾರದಾದರೂ ಮೇಲೆ ತಪ್ಪು ಹೊರಿಸುವುದು ವಾಡಿಕೆ. ಸಾಮಾನ್ಯವಾಗಿ ಅದು ಹೆಣ್ಣಿನ ಮೇಲೆ ಬೀಳುತ್ತದೆ. ಚೀತಾಗಳ ವಿಷಯದಲ್ಲಿ ಮಾತ್ರ ಗಂಡಿನ ಮೇಲೆ ಬಿತ್ತು. 1980ರ ದಶಕದಲ್ಲಿ ಸ್ಟೀಫನ್ ಓಬ್ರಯನ್ ಮತ್ತು ಸಂಗಡಿಗರು ಚೀತಾಗಳ ರಕ್ತ, ವೀರ್ಯ ಎಲ್ಲವನ್ನೂ ಪರೀಕ್ಷಿಸಿದರು. ವೀರ್ಯಾಣುಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ಸೊಟ್ಟಪಟ್ಟ. ಇನ್ನೂ ವಿಚಿತ್ರವೆಂದರೆ, ಒಂದು ಚೀತಾದ ಚರ್ಮದ ತುಣುಕನ್ನು ಸಂಬಂಧವೇ ಇಲ್ಲದ ಇನ್ನೊಂದಕ್ಕೆ ಕಸಿ ಮಾಡಿದರೆ ಅದರ ದೇಹ ‘ಇದು ನನ್ನದಲ್ಲ’ ಎಂದು ತಳ್ಳಿಹಾಕಲಿಲ್ಲ. ಸಾವಿರಾರು ವರ್ಷಗಳ ಹಿಂದೆ ಈ ಜೀವಿಗಳ ಸಂಖ್ಯೆ ತೀರ ಕುಸಿದು, ಅಳಿದುಳಿದವು ತಮ್ಮತಮ್ಮಲ್ಲೇ ಕೂಡಿಕೊಂಡಿದ್ದರ ಫಲ ಇದು. ಇಂದಿನ ಚೀತಾಗಳೆಲ್ಲ ಒಂದು ಲೆಕ್ಕದಲ್ಲಿ ದಾಯಾದಿಗಳೇ. ಅಮೆರಿಕದ ಆರೆಗನ್‌ನಲ್ಲಿರುವ ವನ್ಯಪ್ರಾಣಿಧಾಮಕ್ಕೆ 1982ರ ಸುಮಾರಿಗೆ ಬೆಕ್ಕಿನ ಒಂದು ವೈರಸ್ ಕಾಯಿಲೆ ನುಗ್ಗಿದಾಗ ಅರ್ಧಕ್ಕಿಂತ ಹೆಚ್ಚು ಚೀತಾಗಳು ಸತ್ತವು. ಅಲ್ಲಿದ್ದ ಸಿಂಹಗಳಿಗೆ ಏನೂ ಆಗಲಿಲ್ಲ.

ಹಾಗಾದರೆ ರಕ್ತದಲ್ಲೇ ದೋಷ, ಮುಗಿಯಿತು ಕಥೆ ಎಂದು ಅನೇಕರು ಕೈತೊಳೆದುಕೊಂಡರು. ಆದರೆ ಒಂದು ಪ್ರಶ್ನೆ ಉಳಿಯಿತು. ಸೆರೆಂಗೆಟಿ ಬಯಲಿನ ಕಾಡು ಗಂಡುಗಳ ವೀರ್ಯವೂ ಅಷ್ಟೇ ಕಳಪೆ. ಅಲ್ಲಿನ ಹೆಣ್ಣುಗಳು ಮಾತ್ರ ಮೂರು, ನಾಲ್ಕು, ಐದು ಮರಿಗಳನ್ನು ಸಲೀಸಾಗಿ ಹಾಕುತ್ತಿದ್ದವು. ರಕ್ತ ಒಂದೇ ಆದರೂ ಬಯಲಿನಲ್ಲಿ ಆಗುವುದು ಬೋನಿನಲ್ಲಿ ಆಗುತ್ತಿಲ್ಲವೆಂದರೆ ದೋಷ ಬೋನಿನದೇ ಇರಬೇಕು.

ಉತ್ತರ ಹೆಣ್ಣು ಚೀತಾದ ಬದುಕಿನಲ್ಲಿತ್ತು. ಅದು ಒಂಟಿ ಜೀವಿ. ಮರಿಗಳ ಹೊರತು ಯಾರ ಸಂಗವೂ ಅದಕ್ಕೆ ಬೇಡ. ಗಂಡುಗಳು ಹಾಗಲ್ಲ, ಒಡಹುಟ್ಟಿದವು ಎರಡೋ ಮೂರೋ ಸೇರಿ ಜೀವಮಾನವಿಡೀ ಜೊತೆಗಿರುತ್ತವೆ. ಹೆಣ್ಣು ಅಲೆಯುತ್ತಾ ಗಂಡುಗಳ ಸೀಮೆಗೆ ಬಂದಾಗ ಭೇಟಿ, ಕೆಲವೇ ದಿನಗಳ ಒಡನಾಟ, ಆಮೇಲೆ ಅದರ ದಾರಿ ಅದಕ್ಕೆ. ಮೃಗಾಲಯದಲ್ಲಿ ಒಂದು ಗಂಡು ಒಂದು ಹೆಣ್ಣನ್ನು ವರ್ಷಗಟ್ಟಲೆ ಒಂದೇ ಆವರಣದಲ್ಲಿ ಇಟ್ಟರೆ ನೋಡುವವರಿಗೆ ಅದು ಸುಖಸಂಸಾರ. ಒಳಗಿರುವವಕ್ಕೆ ಅದೇ ಶಿಕ್ಷೆ. ದಿನಬೆಳಗಾದರೆ ಅದೇ ಮುಖ ನೋಡಿ ಗಂಡಿಗೆ ಆಸಕ್ತಿಯೇ ಹೋಗುತ್ತದೆ. ಹೆಣ್ಣಿನ ಪಾಡು ಇನ್ನೂ ಸೂಕ್ಷ್ಮ. ಎರಡು ಹೆಣ್ಣುಗಳನ್ನು ಜೋಡಿಯಾಗಿ ಇಟ್ಟರೆ ಮೇಲ್ನೋಟಕ್ಕೆ ಜಗಳವಿಲ್ಲದಿದ್ದರೂ ಅವು ಬೆದೆಗೆ ಬರುವುದೇ ನಿಂತುಹೋಗಬಹುದು, ಬೇರ್ಪಡಿಸಿದರೆ ಮತ್ತೆ ಶುರುವಾಗುತ್ತದೆ ಎಂಬುದನ್ನು ಅಮೆರಿಕದ ಸಂಶೋಧಕರು 2002ರಲ್ಲಿ ಪ್ರಕಟಿಸಿದರು. ಅದನ್ನು ಅವರು ಕಂಡುಕೊಂಡಿದ್ದು ಲದ್ದಿಯಲ್ಲಿನ ಹಾರ್ಮೋನು ಅಳೆದು. ಯಾವ ಲದ್ದಿ ಯಾರದೆಂದು ಗುರುತಿಸಲು ಮೃಗಾಲಯಗಳಲ್ಲಿ ಒಂದು ಸುಲಭ ಉಪಾಯವಿದೆ: ಒಂದೊಂದು ಪ್ರಾಣಿಯ ಮಾಂಸಕ್ಕೆ ಒಂದೊಂದು ಬಣ್ಣದ ಮಿಂಚುಪುಡಿ ಉದುರಿಸುವುದು!

ಅಕ್ಬರನ ತೋಟದಲ್ಲಿ ಆದ ತಪ್ಪನ್ನು ಚೆನ್ನಾಗಿ ತಿದ್ದಿದವರಲ್ಲಿ ಮೊದಲ ಸಾಲಿನವರು ದಕ್ಷಿಣ ಆಫ್ರಿಕದವರು. ಪ್ರಿಟೋರಿಯಾದ ಬಳಿ ಡಿ ವಿಲ್ಟ್ ಎಂಬಲ್ಲಿ ಆನ್ ವಾನ್ ಡೈಕ್ 1971ರಲ್ಲಿ ಚೀತಾ ಕೇಂದ್ರ ತೆರೆದರು. ಗಂಡುಗಳನ್ನು ಒಂದು ಕಡೆ, ಹೆಣ್ಣುಗಳನ್ನು ಕಣ್ಣಿಗೆ ಕಾಣದಂತೆ ಇನ್ನೊಂದು ಕಡೆ ಇಟ್ಟರು. ಹೆಣ್ಣುಗಳ ಆವರಣಗಳ ಪಕ್ಕದಲ್ಲೇ ಉದ್ದಕ್ಕೆ ಒಂದು ಓಣಿ. ಅದಕ್ಕೆ ಅಲ್ಲಿಯವರು ಇಟ್ಟ ಹೆಸರು ಪ್ರೇಮಿಗಳ ಓಣಿ. ಗಂಡನ್ನು ಆ ಓಣಿಯಲ್ಲಿ ನಡೆಸುತ್ತಾರೆ. ಅದು ಜಾಲರಿಯ ಬುಡ ಮೂಸುತ್ತಾ ಹೋಗುತ್ತದೆ. ಬೆದೆಗೆ ಬಂದ ಹೆಣ್ಣಿನ ವಾಸನೆ ಸಿಕ್ಕಿದರೆ ತಡೆತಡೆದು ತೊದಲುವಂತೆ ಒಂದು ಬಗೆಯ ದನಿ ಹೊರಡಿಸುತ್ತದೆ. ಹೆಣ್ಣು ಹಲ್ಲು ಕಿರಿದು ಪಂಜ ಬೀಸಿದರೆ ಸಂಬಂಧ ಕುದುರಲಿಲ್ಲವೆಂದು ಅರ್ಥ, ಆ ಗಂಡು ಮುಂದಕ್ಕೆ ಸಾಗುತ್ತದೆ. ಹೆಣ್ಣು ಜಾಲರಿಗೆ ಮೈ ತಾಗಿಸಿ ಹೊರಳಾಡಿದರೆ ಆಗ ಬಾಗಿಲು ತೆಗೆಯುತ್ತಾರೆ. ಇಲ್ಲಿ ಗಂಡು ಬಂದು ಹೆಣ್ಣು ನೋಡುವ ಶಾಸ್ತ್ರವೇನೋ ಇದೆ, ಒಪ್ಪಿಗೆ ಮಾತ್ರ ಹೆಣ್ಣಿನದು. ಈ ಕ್ರಮದಿಂದ ಡಿ ವಿಲ್ಟ್‌ನಲ್ಲಿ ನೂರಾರು ಮರಿಗಳು ಹುಟ್ಟಿವೆ. ಇದೇ ಕೇಂದ್ರದಿಂದ ಒಂದು ಗಂಡು, ಎರಡು ಹೆಣ್ಣು ಚೀತಾಗಳು 2020ರ ಆಗಸ್ಟ್‌ನಲ್ಲಿ ಮೈಸೂರಿನ ಚಾಮರಾಜೇಂದ್ರ ಮೃಗಾಲಯಕ್ಕೆ ಬಂದವು.

ಬಾಗಿಲು ತೆಗೆಯುವ ಆ ಗಳಿಗೆ ಪ್ರಾಣಿಪಾಲಕರಿಗೆ ಎಂದಿಗೂ ನಿರಾಳವಲ್ಲ. ನೀರಿನ ಪೈಪು ಹಿಡಿದು ನಿಲ್ಲುತ್ತಾರೆ. ಜಗಳ ಬಿದ್ದರೆ ನೀರು ಎರಚಿ ಬಿಡಿಸಬೇಕು. ಇಷ್ಟು ಮಾಡಿದರೂ ಸಾಲದು, ಗೋತ್ರ ನೋಡುವ ಕೆಲಸ ಬೇರೆ ಇದೆ. ಲೋಕದ ಮೃಗಾಲಯಗಳ ಚೀತಾಗಳಿಗೆಲ್ಲ ಒಂದು ಅಂತರರಾಷ್ಟ್ರೀಯ ವಂಶಾವಳಿ ಪುಸ್ತಕವಿದೆ. ಅದನ್ನು ಬಹುಕಾಲ ಬರೆದಿಟ್ಟವರು, ಆರೆಗನ್‌ನಲ್ಲಿ ಚೀತಾಗಳನ್ನು ಸಾಕಿದ್ದ ಲಾರಿ ಮಾರ್ಕರ್. ಯಾರು ಯಾರ ಮಗು, ಯಾವ ವಂಶದ ಕುಡಿ ಈಗಾಗಲೇ ಹೆಚ್ಚಾಗಿದೆ, ಯಾವುದು ಅಳಿಯುವಂತಿದೆ ಎಂಬುದನ್ನೆಲ್ಲ ನೋಡಿ ಜೋಡಿ ನಿಗದಿ ಮಾಡುತ್ತಾರೆ. ಮೊದಲೇ ದಾಯಾದಿಗಳಾದ ಪ್ರಾಣಿಗಳಲ್ಲಿ ಇನ್ನಷ್ಟು ಹತ್ತಿರದ ಸಂಬಂಧ ಬೆಳೆಸಿದರೆ ಗತಿಯೇನು? ಪುಸ್ತಕ ಒಪ್ಪಿದ ಜೋಡಿಯನ್ನು ಹೆಣ್ಣು ಒಪ್ಪದಿರುವುದೂ ಉಂಟು. ಆಗ ಪುಸ್ತಕವನ್ನೇ ಇನ್ನೊಮ್ಮೆ ತೆರೆಯಬೇಕು. 2020ರ ಫೆಬ್ರುವರಿಯಲ್ಲಿ ಅಮೆರಿಕದ ಕೊಲಂಬಸ್ ಮೃಗಾಲಯದಲ್ಲಿ ಒಂದು ಹೆಣ್ಣಿನ ಅಂಡದಿಂದ ಪ್ರನಾಳದಲ್ಲಿ ಬೆಳೆಸಿದ ಭ್ರೂಣಗಳನ್ನು ಇನ್ನೊಂದು ಹೆಣ್ಣಿನ ಗರ್ಭದಲ್ಲಿಟ್ಟು ಎರಡು ಮರಿ ಪಡೆದರು. ಚೀತಾಗಳಲ್ಲಿ ಅದೇ ಮೊದಲು.

ಹೆರಿಗೆಯಾದ ಮೇಲೂ ಒಂದು ತೊಡಕು. ಒಂದೇ ಮರಿ ಹುಟ್ಟಿದರೆ ತಾಯಿ ಅದನ್ನು ಕೈಬಿಡುವುದೇ ಹೆಚ್ಚು. ಒಂದೇ ಬಾಯಿ ಚೀಪಿದರೆ ಹಾಲು ಸರಿಯಾಗಿ ಇಳಿಯುವುದಿಲ್ಲ. ಕಾಡಿನ ಲೆಕ್ಕದಲ್ಲಿ ಒಂದು ಮರಿಗಾಗಿ ವರ್ಷಾನುಗಟ್ಟಲೆ ಕಷ್ಟಪಡುವುದಕ್ಕಿಂತ ಮತ್ತೊಮ್ಮೆ ಬೆದೆಗೆ ಬರುವುದೇ ಲಾಭ. ಅದಕ್ಕೇ ಅನುಭವಸ್ಥರು ಸಾಧ್ಯವಾದರೆ ಎರಡು ಹೆಣ್ಣುಗಳಿಗೆ ಒಂದೇ ಹೊತ್ತಿನಲ್ಲಿ ಗರ್ಭ ಕಟ್ಟಿಸುತ್ತಾರೆ. ಒಂಟಿ ಮರಿ ಹುಟ್ಟಿದರೆ ಅದನ್ನು ಇನ್ನೊಂದರ ಮರಿಗಳ ನಡುವೆ ಮೆಲ್ಲಗೆ ಸೇರಿಸಿಬಿಡುವುದು. ತಾಯಿ ಎಣಿಸುವುದಿಲ್ಲ, ಪುಣ್ಯ.

ಇವೆಲ್ಲ ಬೇರೆಯವರ ಊರಿನ ಮಾತಾಗಿತ್ತು. ಆಮೇಲೆ ನಮ್ಮಲ್ಲಿಗೇ ಬಂತು. ಮಧ್ಯಪ್ರದೇಶದ ಕುನೋ ಮೃಗಾಲಯವಲ್ಲ, ರಾಷ್ಟ್ರೀಯ ಉದ್ಯಾನ. ಆದರೂ 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯದಿಂದ, 2023ರ ಫೆಬ್ರುವರಿಯಲ್ಲಿ ದಕ್ಷಿಣ ಆಫ್ರಿಕದಿಂದ ಬಂದ ಚೀತಾಗಳನ್ನು ಮೊದಲು ಬೇಲಿ ಕಟ್ಟಿದ ಆವರಣಗಳಲ್ಲೇ ಇಟ್ಟಿದ್ದರು. ದಕ್ಷಿಣ ಆಫ್ರಿಕದ ಹೆಣ್ಣು ದಕ್ಷಾಳ ಆವರಣಕ್ಕೆ ವಾಯು, ಅಗ್ನಿ ಎಂಬ ಎರಡು ಜೊತೆಗಾರ ಗಂಡುಗಳು ಹೋಗಲೆಂದು 2023ರ ಮೇ ತಿಂಗಳಲ್ಲಿ ನಡುವಿನ ಬಾಗಿಲು ತೆರೆದರು. ಮೇ 6ರಂದು ಗಂಡುಗಳು ಒಳಹೊಕ್ಕವು. ಮೇ 9ರ ಬೆಳಿಗ್ಗೆ ದಕ್ಷಾ ಗಾಯಗೊಂಡು ಬಿದ್ದಿತ್ತು, ಮಧ್ಯಾಹ್ನದ ಹೊತ್ತಿಗೆ ಸತ್ತಿತು. ಕೂಡುವ ಕಾಲದಲ್ಲಿ ಜೊತೆಗಾರ ಗಂಡುಗಳು ಹೆಣ್ಣಿನ ಮೇಲೆ ಹೀಗೆ ಎರಗುವುದು ಸಾಮಾನ್ಯ, ನಡುವೆ ಹೋಗಿ ಬಿಡಿಸುವುದು ಅಸಾಧ್ಯ ಎಂದು ಅಧಿಕಾರಿಗಳ ಹೇಳಿಕೆ ಬಂತು. ಮಾತು ಸುಳ್ಳಲ್ಲ. ಆದರೆ ಬಯಲಿನಲ್ಲಿ ಬೇಡವೆನಿಸಿದ ಹೆಣ್ಣಿಗೆ ಓಡಲು ದಾರಿ ಇರುತ್ತದೆ. ಬೇಲಿ ಎಷ್ಟು ದೊಡ್ಡದಿದ್ದರೂ ಒಳಗಿನ ಓಟಕ್ಕೆ ಒಂದು ಕೊನೆ ಇದೆ. ಬಿಡಿಸಲಾಗದು ಎಂದು ಮೊದಲೇ ಗೊತ್ತಿದ್ದರೆ ಬಾಗಿಲು ತೆರೆಯುವ ಮುನ್ನ ಹೆಣ್ಣಿನ ಒಪ್ಪಿಗೆಗೆ ಇನ್ನಷ್ಟು ದಿನ ಕಾಯಬಹುದಿತ್ತು.

ಅದೇ ಬೇಸಿಗೆಯಲ್ಲಿ ಕುನೋದ ಇನ್ನೊಂದು ಹೆಣ್ಣು ಜ್ವಾಲಾಳ ನಾಲ್ಕು ಮರಿಗಳಲ್ಲಿ ಮೂರು ಬಿಸಿಲ ಝಳಕ್ಕೆ ಸತ್ತವು. ಉಳಿದ ಒಂದು ಹೆಣ್ಣುಮರಿಯನ್ನು ಸಿಬ್ಬಂದಿಯೇ ಕೈಯಾರೆ ಸಾಕಿದರು. ಮುಖಿ ಎಂದು ಹೆಸರಿಟ್ಟರು. 2025ರ ನವೆಂಬರ್‌ನಲ್ಲಿ ಆ ಮುಖಿಯೇ ಐದು ಮರಿಗಳನ್ನು ಹಾಕಿತು.