ಪೌರತ್ವ ವಿಚಾರಣೆ ಪಾಲಿಕೆಯ ಕೆಲಸವಲ್ಲ: ವಲಸೆ ಕಾರ್ಮಿಕರ ಪರವಾಗಿ ಒಂದು ಮನವಿ

ಗೆ,
ಮುಖ್ಯ ಆಯುಕ್ತರು,
ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಬೆಂಗಳೂರು.

ವಿಷಯ: ನಾಗರಿಕ ಸೇವೆ ನೀಡುವಾಗ ಹಾಗೂ ಗುಡಿಸಲು ತೆರವುಗೊಳಿಸುವಾಗ ಪೌರತ್ವ ವಿಚಾರಣೆ ನಡೆಸದಂತೆ ಐದೂ ನಗರ ಪಾಲಿಕೆಗಳಿಗೆ ಲಿಖಿತ ಆದೇಶ ಹೊರಡಿಸುವ ಬಗ್ಗೆ.

ಮಾನ್ಯರೇ,

2020ರ ಜನವರಿಯಲ್ಲಿ ಮಾರತಹಳ್ಳಿ ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ವಲಸೆ ಕಾರ್ಮಿಕರ ಗುಡಿಸಲುಗಳು ನೆಲಸಮವಾದವು. ಅಲ್ಲಿರುವವರು ಬಾಂಗ್ಲಾದೇಶದಿಂದ ಅಕ್ರಮವಾಗಿ ಬಂದವರು ಎಂಬ ಮಾತು ಆಗ ಹಬ್ಬಿತ್ತು. ಪಾಲಿಕೆಯ ಎಂಜಿನಿಯರೊಬ್ಬರು ಪೊಲೀಸ್ ರಕ್ಷಣೆ ಕೋರಿ ಬರೆದ ಪತ್ರದಲ್ಲೂ ಅದೇ ಮಾತು ಸೇರಿಕೊಂಡಿತು. ಸೂರು ಕಳೆದುಕೊಂಡವರಲ್ಲಿ ಅಸ್ಸಾಂ, ತ್ರಿಪುರಾ, ಬಿಹಾರದವರ ಜೊತೆಗೆ ನಮ್ಮ ಉತ್ತರ ಕರ್ನಾಟಕದವರೂ ಇದ್ದರು; ಹಲವರ ಬಳಿ ಆಧಾರ್, ಮತದಾರರ ಚೀಟಿ ಇತ್ತು. ಪ್ರಕರಣ ಹೈಕೋರ್ಟ್ ಮೆಟ್ಟಿಲೇರಿ ತೆರವಿಗೆ ತಡೆ ಬರುವ ಹೊತ್ತಿಗೆ ಹಲವು ಸಂಸಾರಗಳು ಬೀದಿಗೆ ಬಿದ್ದಾಗಿತ್ತು. ಇಷ್ಟೆಲ್ಲ ಆಗಲು ಸಚಿವ ಸಂಪುಟದ ನಿರ್ಣಯವಾಗಲೀ ನ್ಯಾಯಾಲಯದ ತೀರ್ಪಾಗಲೀ ಬೇಕಾಗಲಿಲ್ಲ ಎಂಬುದನ್ನು ತಾವು ಗಮನಿಸಬೇಕು. ವಾರ್ಡ್ ಮಟ್ಟದ ಒಂದು ಊಹೆ ಸರ್ಕಾರಿ ಕಾಗದದ ಮೇಲೆ ಬಂದದ್ದೇ ಸಾಕಾಯಿತು. ಅನ್ಯಾಯ ನಡೆಯುವುದು ಆ ಮಟ್ಟದಲ್ಲಾದ್ದರಿಂದ ರಕ್ಷಣೆಯೂ ಆ ಮಟ್ಟದ ಸಿಬ್ಬಂದಿಯನ್ನು ಕಟ್ಟಿಹಾಕುವ ನಿಯಮದ ರೂಪದಲ್ಲೇ ಬರಬೇಕು. ಈ ಮನವಿಯ ತಿರುಳು ಇಷ್ಟೇ.

ಆಶ್ರಯ ನೀಡುತ್ತೇವೆಂದು ಘೋಷಿಸಿದ ಬೇರೆ ನಗರಗಳ ಅನುಭವವೂ ಇದನ್ನೇ ಹೇಳುತ್ತದೆ. ಎಲ್ ಸಾಲ್ವಡಾರ್ ಮತ್ತು ಗ್ವಾಟೆಮಾಲಾದ ಯುದ್ಧಗಳಿಂದ ತಪ್ಪಿಸಿಕೊಂಡು ಬಂದವರಿಗಾಗಿ ಸ್ಯಾನ್ ಫ್ರಾನ್ಸಿಸ್ಕೊ 1985ರಲ್ಲಿ ತನ್ನನ್ನು ಆಶ್ರಯ ನಗರವೆಂದು ಕರೆದುಕೊಂಡಿತು. ಅದು ಬರೀ ನಿರ್ಣಯವಾಗಿತ್ತು, ಸಿಬ್ಬಂದಿಯ ದಿನನಿತ್ಯದ ಕೆಲಸವನ್ನು ನಿಯಂತ್ರಿಸುವ ಬಲ ಅದಕ್ಕಿರಲಿಲ್ಲ. ಆ ಬಲ ಬಂದದ್ದು 1989ರಲ್ಲಿ: ಕೇಂದ್ರ ಅಥವಾ ರಾಜ್ಯದ ಕಾನೂನು ಕಡ್ಡಾಯಗೊಳಿಸಿದ ಸಂದರ್ಭ ಬಿಟ್ಟರೆ ವಲಸೆ ಕಾನೂನಿನ ಜಾರಿಗೆ ನಗರದ ಹಣ, ನೌಕರರನ್ನು ಬಳಸಕೂಡದು ಎಂಬ ಸ್ಥಳೀಯ ಕಾಯಿದೆಯಾದಾಗ. 2009ರಿಂದ ಅಲ್ಲಿ ವಲಸೆ ಸ್ಥಿತಿ ಕೇಳದೆ ನಿವಾಸಿಗಳಿಗೆ ನಗರದ ಗುರುತಿನ ಚೀಟಿಯನ್ನೂ ಕೊಡಲಾಗುತ್ತಿದೆ. ಇದಕ್ಕೂ ಮೊದಲೇ, 1979ರಲ್ಲಿ, ಲಾಸ್ ಏಂಜಲೀಸ್‌ನ ಪೊಲೀಸ್ ಇಲಾಖೆ ತಾನಾಗಿಯೇ ಒಂದು ವಿಶೇಷ ಆದೇಶ ಹೊರಡಿಸಿ, ವಲಸೆ ಸ್ಥಿತಿ ಪತ್ತೆ ಮಾಡುವ ಉದ್ದೇಶದಿಂದ ಯಾರ ಮೇಲೂ ಕ್ರಮ ಆರಂಭಿಸಬಾರದು ಎಂದಿತು. ಹೆದರಿದ ಜನ ದೂರು ಕೊಡುವುದಿಲ್ಲ, ಸಾಕ್ಷಿ ಹೇಳುವುದಿಲ್ಲ ಎಂಬುದು ಠಾಣೆಯಲ್ಲಿ ಕುಳಿತವರಿಗೇ ಚೆನ್ನಾಗಿ ಗೊತ್ತಿರುವ ಸಂಗತಿ. ಕರುಣೆಯ ಮಾತು ಒತ್ತಟ್ಟಿಗಿರಲಿ, ಆಡಳಿತದ ಅನುಕೂಲಕ್ಕೇ ಇಂಥ ನಿಯಮ ಬೇಕಾಗುತ್ತದೆ.

ಅಲ್ಲಿನ ಸಂವಿಧಾನ ಬೇರೆ, ನಮ್ಮದು ಬೇರೆ ಎಂಬ ಆಕ್ಷೇಪ ಸರಿಯಾದುದೇ. ಅಮೆರಿಕದ ನಗರಗಳಂತೆ ಕೇಂದ್ರದ ಜೊತೆ ಅಸಹಕಾರ ಮಾಡಿ ಎಂದು ನಾನು ಕೇಳುತ್ತಿಲ್ಲ. ನನ್ನ ಬೇಡಿಕೆ ಅದಕ್ಕಿಂತ ಚಿಕ್ಕದು, ನಮ್ಮ ಕಾನೂನಿನೊಳಗೇ ಇರುವಂಥದ್ದು. ಪೌರತ್ವ ಮತ್ತು ವಿದೇಶಿಯರ ವಿಷಯ ಸಂವಿಧಾನದ ಪ್ರಕಾರ ಕೇಂದ್ರದ್ದು. ಅದಕ್ಕೆ ಪ್ರತ್ಯೇಕ ಕಾಯಿದೆಯಿದೆ, ಪ್ರತ್ಯೇಕ ಅಧಿಕಾರಿಗಳಿದ್ದಾರೆ. ಪಾಲಿಕೆಯ ಎಂಜಿನಿಯರ್‌ಗೆ ಆ ಅಧಿಕಾರವಿಲ್ಲ. ನಗರಕ್ಕೆ ಪೌರತ್ವದ ವಿಷಯದಲ್ಲಿ ಏನು ಅಧಿಕಾರ ಎಂದು ಕೇಳುವವರು ಈ ಪ್ರಶ್ನೆಯನ್ನು ಮೊದಲು ತೆರವಿನ ಪತ್ರ ಬರೆಯುವವರಿಗೆ ಕೇಳಲಿ. ಸಂವಿಧಾನದ 14 ಮತ್ತು 21ನೇ ವಿಧಿಗಳು ರಕ್ಷಿಸುವುದು ನಾಗರಿಕರನ್ನಷ್ಟೇ ಅಲ್ಲ, ಯಾವುದೇ ವ್ಯಕ್ತಿಯನ್ನು. ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಇದನ್ನು ಸ್ಪಷ್ಟಪಡಿಸಿದೆ. ಜನನ ನೋಂದಣಿ ಕಾಯಿದೆ ಪ್ರತಿ ಜನನವೂ ದಾಖಲಾಗಬೇಕೆನ್ನುತ್ತದೆ. ವಯಸ್ಸಿನ ದಾಖಲೆಯಿಲ್ಲ ಎಂಬ ಕಾರಣಕ್ಕೆ ಮಗುವಿಗೆ ಶಾಲೆ ನಿರಾಕರಿಸಬಾರದೆಂದು ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ.

ಹೊರಗಿನವರಿಗೆ ಸೌಲಭ್ಯ ಕೊಟ್ಟರೆ ಕನ್ನಡಿಗರ ಪಾಲು ಕಡಿಮೆಯಾಗುತ್ತದೆ ಎಂಬ ಆತಂಕವನ್ನು ತಳ್ಳಿಹಾಕುವಂತಿಲ್ಲ. ನೀರಿಗೂ ವಸತಿಗೂ ಈ ನಗರದಲ್ಲಿ ನಿಜವಾದ ಅಭಾವವಿದೆ. ಆದರೆ ಗುಮಾನಿಯ ಮೇಲೆ ನಡೆಯುವ ತೆರವು ಆ ಅಭಾವವನ್ನು ನೀಗಿಸುವುದಿಲ್ಲ, ಕಾಗದಪತ್ರ ಕಡಿಮೆಯಿರುವ ಬಡ ಕನ್ನಡಿಗನನ್ನೂ ಅದು ಬಿಡುವುದಿಲ್ಲ. ಲಸಿಕೆ ಸಿಗದ ಮಗು ಯಾವ ಊರಿನದಾದರೂ ರೋಗ ಇಡೀ ಕೇರಿಗೆ ಹರಡುತ್ತದೆ. ದೇಶದ ಭದ್ರತೆಯ ಪ್ರಶ್ನೆಯಿದ್ದಲ್ಲಿ ಪೊಲೀಸರಿಗೂ ವಿದೇಶಿಯರ ನೋಂದಣಿ ಕಚೇರಿಗೂ ಇರುವ ಅಧಿಕಾರ ಈ ಆದೇಶದಿಂದ ಕುಂದುವುದಿಲ್ಲ. ಗುರುತು ಕೇಳದೆ ನೆರವಾಗುವುದು ನಮಗೆ ಹೊಸತೂ ಅಲ್ಲ: 2017ರಿಂದ ಇಂದಿರಾ ಕ್ಯಾಂಟೀನ್‌ನಲ್ಲಿ ಗುರುತಿನ ಚೀಟಿ ಕೇಳದೆ ಊಟ ಬಡಿಸಲಾಗುತ್ತಿದೆ. 1960ರ ದಶಕದಲ್ಲಿ ಮೈಸೂರು ರಾಜ್ಯ ಟಿಬೆಟನ್ ನಿರಾಶ್ರಿತರಿಗೆ ಬೈಲುಕುಪ್ಪೆಯಲ್ಲಿ ನೆಲೆ ಕೊಟ್ಟಾಗಲೂ ಸ್ವಾಗತ ಭಾಷಣಕ್ಕೆ ನಿಲ್ಲಲಿಲ್ಲ. ಸಾವಿರಾರು ಎಕರೆ ಜಮೀನು ಕೊಟ್ಟಿತು.

ಆದ್ದರಿಂದ ಪ್ರಾಧಿಕಾರವು ಐದೂ ಪಾಲಿಕೆಗಳಿಗೂ ಗುತ್ತಿಗೆ ಸಿಬ್ಬಂದಿಗೂ ಅನ್ವಯಿಸುವ ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇನೆ. ಜನನ ನೋಂದಣಿ, ನಮ್ಮ ಕ್ಲಿನಿಕ್, ಲಸಿಕೆ, ಶಾಲೆ, ಕುಡಿಯುವ ನೀರು, ಕಸ ವಿಲೇವಾರಿ, ಇವುಗಳಿಗಾಗಿ ಬಂದವರ ಪೌರತ್ವವನ್ನು ಕಾನೂನು ಕೇಳದ ಕಡೆ ಯಾರೂ ಕೇಳಬಾರದು. ತೆರವಿನ ಕಡತದಲ್ಲಿ ನಿವಾಸಿಗಳ ರಾಷ್ಟ್ರೀಯತೆಯ ಬಗ್ಗೆ ಪಾಲಿಕೆ ಅಧಿಕಾರಿ ಅಭಿಪ್ರಾಯ ಬರೆಯಬಾರದು. ಲಿಖಿತ ನೋಟಿಸ್, ಉತ್ತರಿಸಲು ಕಾಲಾವಕಾಶ, ಅಹವಾಲು ಕೇಳಿದ ದಾಖಲೆ ಮತ್ತು ಬದಲಿ ನೆಲೆಯ ಏರ್ಪಾಡು ಇಲ್ಲದೆ ಜೆಸಿಬಿ ಸ್ಥಳಕ್ಕೆ ಹೋಗಬಾರದು. ನೋಟಿಸ್ ಕನ್ನಡದಲ್ಲಿರಲಿ, ಜೊತೆಗೆ ನಿವಾಸಿಗಳಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳುವ ವ್ಯವಸ್ಥೆಯೂ ಇರಲಿ. ಆದೇಶ ಮೀರಿದವರ ವಿರುದ್ಧ ದೂರು ಕೊಡಲು ಪ್ರತಿ ಪಾಲಿಕೆಯಲ್ಲೂ ಒಬ್ಬ ಹೊಣೆಗಾರ ಅಧಿಕಾರಿಯನ್ನು ನೇಮಿಸಿ, ದೂರುಗಳ ವಿಲೇವಾರಿಯ ವಿವರವನ್ನು ಸಾರ್ವಜನಿಕರ ಮುಂದಿಡಬೇಕು. ಈ ಕೊನೆಯ ಅಂಶ ಬಿಟ್ಟುಹೋದರೆ ಉಳಿದವೆಲ್ಲ ಕಡತದಲ್ಲೇ ಉಳಿಯುತ್ತವೆ.

ಇದಕ್ಕೆ ಹೊಸ ಕಾಯಿದೆ ಬೇಕಿಲ್ಲ, ತಮ್ಮ ಸಹಿ ಸಾಕು. ಮುಂದಿನ ತೆರವು ಕಾರ್ಯಾಚರಣೆಗೆ ಮೊದಲೇ ಆ ಆದೇಶ ಹೊರಬೀಳಲಿ ಎಂದು ಕಳಕಳಿಯಿಂದ ಪ್ರಾರ್ಥಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ನಿವಾಸಿ